ಮುಖ ನೋಡುವ ಮೊದಲೇ ಬರೆದಿಡಬೇಕಾದದ್ದು

ಅಭ್ಯರ್ಥಿ ಬಾಗಿಲು ಎಳೆದುಕೊಂಡು ಹೊರಗೆ ಹೋದ ಮರುಕ್ಷಣ ಸಂದರ್ಶನದ ಕೋಣೆಯಲ್ಲಿ ಏಳುವ ಮಾತುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ‘ಹುಡುಗ ಚುರುಕಾಗಿದ್ದಾನೆ.’ ‘ಮಾತು ಸ್ಪಷ್ಟವಾಗಿದೆ.’ ‘ಯಾಕೋ ನನಗೆ ಸರಿ ಅನ್ನಿಸಲಿಲ್ಲ.’ ‘ನಮ್ಮ ತಂಡಕ್ಕೆ ಹೊಂದಿಕೊಳ್ಳುವ ಹಾಗೆ ಕಾಣುತ್ತಾರೆ.’ ಹಿರಿಯರೊಬ್ಬರು ಮೊದಲು ಬಾಯಿ ತೆರೆದರೆ ಉಳಿದವರು ತಲೆಯಾಡಿಸುತ್ತಾರೆ. ನಿಮಿಷಗಳಲ್ಲಿ ತೀರ್ಮಾನ ಮುಗಿಯುತ್ತದೆ, ಮುಂದಿನವರ ಹೆಸರು ಕೂಗುತ್ತಾರೆ. ನೇಮಕಾತಿ ಸಮಿತಿಗಳಲ್ಲಿ ಹಲವು ವರ್ಷ ಕುಳಿತಿದ್ದೇನೆ. ಆ ಮಾತುಗಳನ್ನು ಕೇಳುತ್ತಾ ಕೇಳುತ್ತಾ ನನ್ನನ್ನು ಹೆಚ್ಚು ಕಾಡಿದ್ದು ಇದು: ಹೊರಗೆ ಹೋದ ವ್ಯಕ್ತಿ ಯಾವ ಕೆಲಸಕ್ಕಾಗಿ ಬಂದಿದ್ದರೋ ಆ ಕೆಲಸದ ಪ್ರಸ್ತಾಪವೇ ಅವುಗಳಲ್ಲಿ ಇರುವುದಿಲ್ಲ. ಅಲ್ಲಿ ಇರುವುದು ನಮ್ಮ ಇಷ್ಟಾನಿಷ್ಟ ಮಾತ್ರ.

ಒಬ್ಬರ ಅನ್ನದ ದಾರಿ ಹೀಗೆ ತೀರ್ಮಾನವಾಗಬಾರದು ಎನ್ನುವುದು ಒಂದು ಕಾರಣ. ಹೀಗೆ ತೀರ್ಮಾನಿಸಿದರೆ ಸಂಸ್ಥೆಗೂ ಸರಿಯಾದ ಜನ ಸಿಗುವುದಿಲ್ಲ ಎನ್ನುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಕಾಳಜಿಗಳೆಂದು ಬಹಳ ಮಂದಿ ಭಾವಿಸುತ್ತಾರೆ. ನ್ಯಾಯವಾಗಿ ನಡೆದುಕೊಂಡರೆ ಗುಣಮಟ್ಟ ಬಿಟ್ಟುಕೊಡಬೇಕಾಗುತ್ತದೆ ಎಂದೂ ಹೇಳುತ್ತಾರೆ. ನನ್ನ ಮಟ್ಟಿಗೆ ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ. ನಾವು ಏನನ್ನು ಹುಡುಕುತ್ತಿದ್ದೇವೆ, ಅದು ಈ ವ್ಯಕ್ತಿಯಲ್ಲಿ ಇದೆ ಎಂದು ಹೇಗೆ ಗೊತ್ತಾಗುತ್ತದೆ, ಎಷ್ಟಿದ್ದರೆ ಸಾಕು ಎಂಬುದನ್ನು ಮೊದಲ ಅಭ್ಯರ್ಥಿಯ ಮುಖ ನೋಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಆಮೇಲೆ ಬರೆದಿಟ್ಟದ್ದಕ್ಕೆ ನಿಷ್ಠರಾಗಿರಬೇಕು. ಮಾತಿನಲ್ಲಿ ಸುಲಭ, ಮಾಡುವುದು ಕಷ್ಟ. ಯಾಕೆಂದರೆ ನಮ್ಮ ಕಣ್ಣಿನ ಮೇಲೆ ನಮಗಿರುವ ಭರವಸೆ ಅಷ್ಟು ಗಟ್ಟಿ.

ಆ ಭರವಸೆಯನ್ನು ಅಲುಗಾಡಿಸುವ ಒಂದು ನಿಜಸಂಗತಿ ಇದೆ. 1979ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಸುಮಾರು 800 ಅಭ್ಯರ್ಥಿಗಳ ಸಂದರ್ಶನ ನಡೆಸಿ, ಎಲ್ಲರಿಗೂ ಕ್ರಮಾಂಕ ಕೊಟ್ಟು, 150 ಮಂದಿಯನ್ನು ತೆಗೆದುಕೊಂಡಿತ್ತು. ಅಷ್ಟು ಹೊತ್ತಿಗೆ ರಾಜ್ಯದ ಶಾಸನಸಭೆ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಮೇಲಿನ ಕ್ರಮಾಂಕದವರು ಆಗಲೇ ಬೇರೆ ಕಡೆ ಸೇರಿಬಿಟ್ಟಿದ್ದರು. ಪಟ್ಟಿಯ ತಳದಲ್ಲಿ, ಸಂದರ್ಶಕರು ಬೇಡವೆಂದು ಬದಿಗಿಟ್ಟಿದ್ದವರನ್ನೇ ಕರೆಯಬೇಕಾಯಿತು. ಮುಂದಿನ ವರ್ಷಗಳಲ್ಲಿ ಎರಡೂ ಗುಂಪುಗಳನ್ನು ಹೋಲಿಸಿ ನೋಡಿದಾಗ ಓದಿನಲ್ಲಾಗಲಿ, ರೋಗಿಗಳ ನಡುವಿನ ತರಬೇತಿಯಲ್ಲಾಗಲಿ, ಪದವಿಯ ನಂತರದ ಮೊದಲ ವರ್ಷದ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1987ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮೊದಲ ಸುತ್ತಿನಲ್ಲಿ ಈ ಎರಡು ಗುಂಪುಗಳ ನಡುವಿದ್ದ ಅಂತರದ ಬಹುಪಾಲು ಹುಟ್ಟಿದ್ದು ಅಂಕಗಳಿಂದಲ್ಲ, ಸಂದರ್ಶಕರ ಅಭಿಪ್ರಾಯದಿಂದ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸಂದರ್ಶಕರ ಸೋಲಲ್ಲ. ಆ ಆದೇಶ ಬರದೇ ಹೋಗಿದ್ದರೆ ಅವರಿಗೆ ತಮ್ಮ ಆಯ್ಕೆಯ ಬಗ್ಗೆ ಎಂದೂ ಅನುಮಾನವೇ ಬರುತ್ತಿರಲಿಲ್ಲ. ನಾವು ತಿರಸ್ಕರಿಸಿದವರು ಮುಂದೆ ಹೇಗೆ ಕೆಲಸ ಮಾಡಿದರೆಂದು ನಮಗೆ ತಿಳಿಯುವುದಿಲ್ಲ. ಆರಿಸಿದವರು ಚೆನ್ನಾಗಿ ಮಾಡಿದರೆ ನಮ್ಮ ಕಣ್ಣು ಸರಿ ಎನ್ನುತ್ತೇವೆ. ಮಾಡದಿದ್ದರೆ ಅವರೇ ಸರಿಯಿಲ್ಲ ಎನ್ನುತ್ತೇವೆ. ಹೀಗೆ ಅನುಭವ ಹೆಚ್ಚಿದಂತೆ ವಿಶ್ವಾಸ ಬೆಳೆಯುತ್ತದೆ, ವಿವೇಚನೆ ಇದ್ದಲ್ಲೇ ಇರುತ್ತದೆ.

ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ ಇದರ ಒಂದು ಎಳೆಯನ್ನು ಹಿಡಿದಿದ್ದ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಹೀಗೆ ಬೇರೆ ಬೇರೆ ಗುಣಗಳಿಗೆ ಕೊಟ್ಟ ಅಂಕಗಳನ್ನು ನೋಡಿದರೆ, ಅವು ನಂಬಲಾಗದಷ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಗುಣ ಹಿಡಿಸಿದರೆ ಎಲ್ಲ ಗುಣಗಳಿಗೂ ಅದೇ ಹೊಳಪು. ಎತ್ತರದ ನಿಲುವು, ತಡವರಿಸದ ಮಾತು, ನಾವು ಓದಿದ ಕಾಲೇಜಿನ ಹೆಸರು, ಇವುಗಳಲ್ಲಿ ಒಂದು ನಮ್ಮೊಳಗೆ ಬೆಳಕು ಹಚ್ಚಿತೆಂದರೆ ಲೆಕ್ಕದ ಜ್ಞಾನವೂ ಪ್ರಾಮಾಣಿಕತೆಯೂ ಆ ಬೆಳಕಿನಲ್ಲೇ ಕಾಣಿಸುತ್ತವೆ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಕಟುವಾಗಿದೆ. ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್ ವಿದ್ಯಾರ್ಥಿಗಳಿಂದ ವಿದ್ಯಾರ್ಥಿಗಳ ಸಂದರ್ಶನ ಮಾಡಿಸಿ, ಮುಂದೆ ಎಷ್ಟು ಅಂಕ ಪಡೆಯಬಹುದೆಂದು ಊಹಿಸಲು ಹೇಳಿದರು. ಕೆಲವು ಸಂದರ್ಶನಗಳಲ್ಲಿ ಉತ್ತರಿಸುವವರು ಪ್ರಶ್ನೆಯ ಅರ್ಥಕ್ಕೂ ಉತ್ತರಕ್ಕೂ ಸಂಬಂಧವೇ ಇಲ್ಲದ ಒಂದು ನಿಯಮದಂತೆ ಹೌದು, ಇಲ್ಲ ಎನ್ನುತ್ತಿದ್ದರು. ಎದುರಿನವರಿಗೆ ಅದು ಗೊತ್ತಾಗಲಿಲ್ಲ. ಆ ಉತ್ತರಗಳಿಂದಲೂ ಅವರು ಒಬ್ಬ ಮನುಷ್ಯನ ಚಿತ್ರವನ್ನು ಕಟ್ಟಿಕೊಂಡರು, ಅರ್ಥಮಾಡಿಕೊಂಡೆವೆಂದು ನಂಬಿದರು. ಹಳೆಯ ಅಂಕಪಟ್ಟಿಯನ್ನಷ್ಟೇ ನೋಡಿ ಊಹಿಸಿದ್ದರೆ ಅವರ ಊಹೆ ಇನ್ನೂ ಹತ್ತಿರ ಬರುತ್ತಿತ್ತು.

ಹಾಗಾದರೆ ಮೊದಲು ಕೂರಬೇಕಾದದ್ದು ಅಭ್ಯರ್ಥಿಯ ಮುಂದಲ್ಲ, ಕೆಲಸದ ಮುಂದೆ. ಒಂದು ಹುದ್ದೆ ಖಾಲಿಯಾದ ಕೂಡಲೇ ಎಚ್‌ಆರ್ (ಮಾನವ ಸಂಪನ್ಮೂಲ) ವಿಭಾಗ ಹಳೆಯ ಜಾಹೀರಾತನ್ನು ತೆಗೆದು, ದಿನಾಂಕ ಬದಲಿಸಿ, ಮತ್ತೆ ಹಾಕುವುದನ್ನು ಎಷ್ಟೋ ಸಂಸ್ಥೆಗಳಲ್ಲಿ ನೋಡಿದ್ದೇನೆ. ‘ಉತ್ತಮ ಸಂವಹನ ಕೌಶಲ್ಯ, ತಂಡದಲ್ಲಿ ದುಡಿಯುವ ಮನೋಭಾವ, ಒತ್ತಡ ನಿಭಾಯಿಸುವ ಸಾಮರ್ಥ್ಯ.’ ಈ ಮೂರು ಬೇಡದ ಕೆಲಸ ಯಾವುದಿದೆ? ಎಲ್ಲ ಹುದ್ದೆಗೂ ಹೊಂದುವ ವಿವರಣೆ ಯಾವ ಹುದ್ದೆಯನ್ನೂ ವಿವರಿಸುವುದಿಲ್ಲ.

ಇದಕ್ಕೆ ಒಂದು ಹಳೆಯ, ಗಟ್ಟಿಯಾದ ವಿಧಾನ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನ ಚಾಲಕರ ಆಯ್ಕೆಯ ಸುತ್ತ ಕೆಲಸ ಮಾಡಿದ ಜಾನ್ ಫ್ಲಾನಗನ್ 1954ರಲ್ಲಿ ಅದನ್ನು ವಿವರವಾಗಿ ಬರೆದ. ಆ ಕೆಲಸವನ್ನು ಬಲ್ಲವರನ್ನು ಕೂರಿಸಿಕೊಂಡು, ‘ಈ ಕೆಲಸಕ್ಕೆ ಯಾವ ಗುಣ ಬೇಕು’ ಎಂದು ಕೇಳುವುದಲ್ಲ. ‘ಯಾರಾದರೂ ಈ ಕೆಲಸವನ್ನು ತುಂಬಾ ಚೆನ್ನಾಗಿ ಮಾಡಿದ ಒಂದು ಸಂದರ್ಭ ಹೇಳಿ, ಕೆಡಿಸಿದ ಒಂದು ಸಂದರ್ಭ ಹೇಳಿ. ಏನಾಗಿತ್ತು, ಅವರು ಏನು ಮಾಡಿದರು, ಅದರಿಂದ ಏನಾಯಿತು?’ ಎಂದು ಕೇಳುವುದು. ಗುಣಗಳ ಬಗ್ಗೆ ಕೇಳಿದರೆ ಎಲ್ಲರೂ ಉಪದೇಶ ಶುರುಮಾಡುತ್ತಾರೆ. ಘಟನೆ ಕೇಳಿದರೆ ಕೆಲಸವೇ ಮಾತಾಡತೊಡಗುತ್ತದೆ.

ಉಗ್ರಾಣ ನೋಡಿಕೊಳ್ಳುವ ಒಬ್ಬರನ್ನು ನೇಮಿಸಬೇಕಾಗಿದೆ ಎಂದುಕೊಳ್ಳೋಣ. ಕಾಗದದ ಮೇಲೆ ಬೇಕಾಗಿರುವುದು ಪದವಿ, ಕಂಪ್ಯೂಟರ್ ಜ್ಞಾನ, ಒಂದಷ್ಟು ವರ್ಷಗಳ ಅನುಭವ. ಅಲ್ಲಿ ದುಡಿಯುವವರನ್ನು ಘಟನೆಗಳ ಬಗ್ಗೆ ಕೇಳಿದರೆ ಬೇರೆಯೇ ಚಿತ್ರ ಬರುತ್ತದೆ. ಸರಕಿನ ಲಾರಿ ಬಂದು ನಿಂತಿದೆ, ಚಾಲಕ ಅವಸರ ಮಾಡುತ್ತಿದ್ದಾನೆ, ಎಣಿಸಿದರೆ ಬಿಲ್ಲಿನಲ್ಲಿರುವುದಕ್ಕಿಂತ ಎರಡು ಪೆಟ್ಟಿಗೆ ಕಡಿಮೆ. ಸಹಿ ಹಾಕದೆ ತಡೆಯುವ ಧೈರ್ಯ ಇದೆಯೇ? ಮೇಲಧಿಕಾರಿಯೊಬ್ಬರು ಚೀಟಿ ಇಲ್ಲದೆ ಸಾಮಾನು ಕೇಳಿದಾಗ ಮರ್ಯಾದೆಗೆ ಕುಂದು ತರದೆ ಇಲ್ಲ ಎನ್ನಲು ಬರುತ್ತದೆಯೇ? ಪುಸ್ತಕದ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ತಾಳೆಯಾಗದಾಗ ಅದನ್ನು ಮುಚ್ಚಿಡುತ್ತಾರೋ, ಆ ಸಂಜೆಯೇ ಹೇಳುತ್ತಾರೋ? ಇಂಥ ಐದಾರು ಘಟನೆಗಳು ಕೈಗೆ ಸಿಕ್ಕರೆ ಹುದ್ದೆ ಏನು ಬೇಡುತ್ತದೆ ಎನ್ನುವುದು ತಾನೇ ಬಿಚ್ಚಿಕೊಳ್ಳುತ್ತದೆ: ಎಣಿಕೆಯಲ್ಲಿ ಎಚ್ಚರ, ಒತ್ತಾಯಕ್ಕೆ ಮಣಿಯದ ವಿನಯ, ತಪ್ಪನ್ನು ಬೇಗ ಹೇಳುವ ಅಭ್ಯಾಸ. ಪದವಿ ಈ ಪಟ್ಟಿಯಲ್ಲಿ ಬರಲೇ ಇಲ್ಲ. ಕಂಪ್ಯೂಟರ್ ಬರುತ್ತದೆ, ಆದರೆ ವಾರದಲ್ಲಿ ಕಲಿಸಬಹುದಾದ ವಿಷಯವಾಗಿ ಬರುತ್ತದೆ. ಕೆಲಸಕ್ಕೆ ಸೇರುವ ದಿನವೇ ಇರಬೇಕಾದದ್ದು ಯಾವುದು, ಸೇರಿದ ಮೇಲೆ ಕಲಿಸಬಹುದಾದದ್ದು ಯಾವುದು ಎನ್ನುವ ಈ ಗೆರೆಯನ್ನು ಎಳೆದರೆ ನೇಮಕಾತಿಯ ಅರ್ಧ ಗೊಂದಲ ಇಳಿಯುತ್ತದೆ.

ಜಾಹೀರಾತು ಇಲ್ಲಿಂದ ಹುಟ್ಟಬೇಕು. ಸಂಬಳ ಎಷ್ಟೆಂದು ಅದರಲ್ಲಿ ಹೇಳಬೇಕು. ಹೇಳದೆ ಕರೆದು, ಮೂರು ಸುತ್ತು ಮುಗಿಸಿ, ಕೊನೆಗೆ ಸಂಖ್ಯೆಯ ಬಳಿ ಮುರಿದುಬೀಳುವ ಮಾತುಕತೆಯಲ್ಲಿ ಎರಡೂ ಕಡೆಯ ಸಮಯ ವ್ಯರ್ಥ. ಕೆಲಸದ ಕಷ್ಟದ ಮುಖವನ್ನೂ ತೋರಿಸಬೇಕು. ರಾತ್ರಿ ಪಾಳಿ ಇದೆ, ಸಿಟ್ಟಾದ ಗ್ರಾಹಕರ ಕರೆಗಳಿವೆ, ತಿಂಗಳ ಕೊನೆಯ ದಿನಗಳಲ್ಲಿ ಮನೆಗೆ ಹೋಗುವುದು ತಡ ಎಂದು ಮೊದಲೇ ಹೇಳಿದರೆ ಅರ್ಜಿಗಳು ಕಡಿಮೆಯಾಗಬಹುದು. ಆಗಲಿ. ಜಾನ್ ವಾನಸ್ ಮೊದಲಾದ ಸಂಶೋಧಕರು 1970ರ ದಶಕದಿಂದಲೇ ಈ ಬಗ್ಗೆ ಕೆಲಸ ಮಾಡಿದ್ದಾರೆ: ನಿಜ ತಿಳಿದು ಬಂದವರಲ್ಲಿ ಬೇಗ ಬಿಟ್ಟುಹೋಗುವವರ ಪ್ರಮಾಣ ಸ್ವಲ್ಪವಾದರೂ ಇಳಿಯುತ್ತದೆ. ಬಣ್ಣ ಹಚ್ಚಿ ಕರೆತಂದವರು ಮೊದಲ ತಿಂಗಳಲ್ಲೇ ಹೊಸ ಕೆಲಸ ಹುಡುಕತೊಡಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇನ್ನು ಅರ್ಜಿಗಳ ರಾಶಿ. ಅತಿ ಹೆಚ್ಚು ಅನ್ಯಾಯ ನಡೆಯುವ ಹಂತ ಇದೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ಸಾಕ್ಷಿಗಳಿಲ್ಲ. ಒಬ್ಬರು ಕುಳಿತು, ಒಂದೊಂದು ರೆಸ್ಯೂಮೆಗೆ ಅರ್ಧ ನಿಮಿಷವೂ ಕೊಡದೆ, ಎರಡು ಗುಡ್ಡೆ ಮಾಡುತ್ತಾರೆ. 2004ರಲ್ಲಿ ಪ್ರಕಟವಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅವರ ಪ್ರಯೋಗದಲ್ಲಿ ಬಾಸ್ಟನ್ ಮತ್ತು ಷಿಕಾಗೊ ನಗರಗಳ ಜಾಹೀರಾತುಗಳಿಗೆ ಸುಮಾರು 5000 ಕಲ್ಪಿತ ರೆಸ್ಯೂಮೆಗಳು ಹೋದವು. ಅರ್ಹತೆ ಸಮಾನ, ಹೆಸರು ಮಾತ್ರ ಬೇರೆ. ಬಿಳಿಯರದೆಂದು ತೋರುವ ಹೆಸರಿಗೆ ಕಪ್ಪುಜನರದೆಂದು ತೋರುವ ಹೆಸರಿಗಿಂತ ಶೇ 50ರಷ್ಟು ಹೆಚ್ಚು ಕರೆಗಳು ಬಂದವು. ಭಾರತದ ಖಾಸಗಿ ಕಂಪನಿಗಳಿಗೆ ಇದೇ ರೀತಿ ಅರ್ಜಿ ಕಳುಹಿಸಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಮಾಡಿದ ಅಧ್ಯಯನ 2007ರಲ್ಲಿ ಹೊರಬಂತು. ಅಲ್ಲಿಯೂ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಈ ಗುಡ್ಡೆ ಮಾಡಿದವರಲ್ಲಿ ಎಷ್ಟೋ ಮಂದಿ ತಮ್ಮನ್ನು ನಿಷ್ಪಕ್ಷಪಾತಿಗಳೆಂದೇ ತಿಳಿದಿದ್ದಿರಬೇಕು.

ಹೆಸರು, ಭಾವಚಿತ್ರ, ವಯಸ್ಸು, ಊರು, ತಂದೆಯ ಹೆಸರು ಇವನ್ನು ಮರೆಮಾಡಿ ಅರ್ಜಿ ಓದುವುದು ದೊಡ್ಡ ಖರ್ಚಿನ ಕೆಲಸವಲ್ಲ. ಒಬ್ಬರು ಮರೆಮಾಡಲಿ, ಇನ್ನೊಬ್ಬರು ಓದಲಿ. ಓದುವಾಗ ಮುಂದೆ ಆ ಐದಾರು ಬೇಡಿಕೆಗಳ ಹಾಳೆ ಇರಲಿ. ಎರಡು ಕೆಲಸಗಳ ನಡುವೆ ಒಂದು ವರ್ಷ ಖಾಲಿ ಇದ್ದರೆ ಅದನ್ನು ಕಳಂಕವೆಂದು ಓದುವ ಚಾಳಿಯನ್ನು ಬಿಡಬೇಕು. ಮಗು ಹುಟ್ಟಿರಬಹುದು, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರಬಹುದು, ಕಂಪನಿಯೇ ಮುಚ್ಚಿರಬಹುದು. ಎಷ್ಟು ವರ್ಷಗಳ ಅನುಭವ ಎನ್ನುವ ಅಂಕಿಗೂ ನಾವು ಕೊಡುವ ಗೌರವ ಅತಿಯಾಯಿತು. ಫ್ರ್ಯಾಂಕ್ ಷ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ, ಯಾವ ಅಳತೆ ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಮುನ್ಸೂಚಿಸುತ್ತದೆ ಎಂದು ಲೆಕ್ಕಹಾಕಿದರು. ಸೊನ್ನೆ ಎಂದರೆ ಏನೂ ಹೇಳುವುದಿಲ್ಲ, 1 ಎಂದರೆ ಪೂರ್ತಿ ಹೇಳುತ್ತದೆ. ಅನುಭವದ ವರ್ಷಗಳಿಗೆ ಸಿಕ್ಕದ್ದು 0.18, ಓದಿದ ವರ್ಷಗಳಿಗೆ 0.10. ಕೈಬರಹ ನೋಡಿ ಸ್ವಭಾವ ಹೇಳುವ ಪದ್ಧತಿಗೆ 0.02.

ಅನಗತ್ಯವಾದ ಪದವಿಯ ಷರತ್ತಿನ ಬಗ್ಗೆ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ನೇಮಕಾತಿಯಲ್ಲಿ ತೊಡಗಿದ ಎಲ್ಲರೂ ತಿಳಿದಿರಬೇಕಾದದ್ದು. ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಕಂಪನಿ ಎನ್ನುವ ಪ್ರಕರಣ. ವಿದ್ಯುತ್ ಸ್ಥಾವರವೊಂದರಲ್ಲಿ ಒಳ್ಳೆಯ ಸಂಬಳದ ವಿಭಾಗಗಳಿಗೆ ಹೈಸ್ಕೂಲ್ ಪ್ರಮಾಣಪತ್ರವನ್ನೂ ಸಾಮಾನ್ಯ ಬುದ್ಧಿಮತ್ತೆಯ ಪರೀಕ್ಷೆಯನ್ನೂ ಕಂಪನಿ ಕಡ್ಡಾಯ ಮಾಡಿತ್ತು. ಅದರಿಂದ ಕಪ್ಪು ನೌಕರರು ಹೆಚ್ಚಾಗಿ ಹೊರಗುಳಿಯುತ್ತಿದ್ದರು. ಆದರೆ ಆ ಪ್ರಮಾಣಪತ್ರ ಇಲ್ಲದೆ ಮೊದಲೇ ಸೇರಿದ್ದವರು ಅದೇ ವಿಭಾಗಗಳಲ್ಲಿ ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡಿಕೊಂಡಿದ್ದರು. ಕಂಪನಿಯ ಉದ್ದೇಶ ಏನೇ ಇರಲಿ, ಕೆಲಸಕ್ಕೆ ಸಂಬಂಧವಿಲ್ಲದ ಷರತ್ತು ಒಂದು ಸಮುದಾಯವನ್ನು ಹೊರಗಿಡುವುದಾದರೆ ಅದು ನಿಲ್ಲುವುದಿಲ್ಲ ಎಂದಿತು ನ್ಯಾಯಾಲಯ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆ ತೀರ್ಪಿನ ಹಿಂದಿನ ಪ್ರಶ್ನೆ ಮಾತ್ರ ಎಲ್ಲರಿಗೂ ಸಲ್ಲುತ್ತದೆ: ಈ ಷರತ್ತು ಇಲ್ಲದವರು ಇದೇ ಕೆಲಸವನ್ನು ಈಗಾಗಲೇ ಚೆನ್ನಾಗಿ ಮಾಡುತ್ತಿದ್ದಾರೆಯೇ?

ಈ ಎಲ್ಲ ತಲೆನೋವನ್ನು ಕಂಪ್ಯೂಟರಿಗೆ ಒಪ್ಪಿಸಿಬಿಡುವ ಆಸೆ ಈಗ ದಿನದಿನಕ್ಕೆ ಹೆಚ್ಚುತ್ತಿದೆ. ಅಮೆಜಾನ್ ಕಂಪನಿ 2014ರಿಂದ ರೆಸ್ಯೂಮೆಗಳಿಗೆ ತಾನೇ ಅಂಕ ಕೊಡುವ ಒಂದು ತಂತ್ರಾಂಶವನ್ನು ಬೆಳೆಸಲು ನೋಡಿತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳನ್ನು ತೋರಿಸಿ ಅದಕ್ಕೆ ಕಲಿಸಿದರು. ಆ ಅರ್ಜಿಗಳಲ್ಲಿ ಗಂಡಸರದೇ ಹೆಚ್ಚು. ತಂತ್ರಾಂಶ ‘ಮಹಿಳೆಯರ’ ಎನ್ನುವ ಪದ ಕಂಡರೆ ಅಂಕ ಕಡಿಮೆ ಮಾಡುವುದನ್ನು ಕಲಿಯಿತು. ಕೊನೆಗೆ ಕಂಪನಿ ಅದನ್ನು ಕೈಬಿಟ್ಟಿದ್ದು 2018ರಲ್ಲಿ ರಾಯಿಟರ್ಸ್ ವರದಿಯಿಂದ ಜಗತ್ತಿಗೆ ತಿಳಿಯಿತು. ಯಂತ್ರ ನಮ್ಮ ಹಳೆಯ ತೀರ್ಮಾನಗಳನ್ನು ಓದಿ, ಅವನ್ನೇ ಇನ್ನೂ ವೇಗವಾಗಿ ಮಾಡುತ್ತದೆ. ಯುರೋಪಿಯನ್ ಒಕ್ಕೂಟ 2024ರ ತನ್ನ ಕೃತಕ ಬುದ್ಧಿಮತ್ತೆ ಕಾಯಿದೆಯಲ್ಲಿ ನೇಮಕಾತಿಯ ತಂತ್ರಾಂಶಗಳನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದ್ದು ಸರಿಯಾಗಿಯೇ ಇದೆ. ಅರ್ಜಿಗಳು ಸಾವಿರಗಟ್ಟಲೆ ಬರುವಲ್ಲಿ ತಂತ್ರಾಂಶ ಬೇಡವೆನ್ನಲು ಆಗುವುದಿಲ್ಲ. ಆದರೆ ಅದು ಯಾರನ್ನು ತಳ್ಳಿಹಾಕುತ್ತಿದೆ ಎಂದು ಆಗಾಗ ತೆಗೆದು ನೋಡುವ ಒಬ್ಬ ಮನುಷ್ಯ ಅಲ್ಲಿ ಇರಲೇಬೇಕು.

ಒಬ್ಬರಿಗೆ ಕೆಲಸ ಬರುತ್ತದೆಯೇ ಎಂದು ತಿಳಿಯಲು ಕೆಲಸ ಮಾಡಿಸಿ ನೋಡುವುದಕ್ಕಿಂತ ನೇರವಾದ ದಾರಿ ಇಲ್ಲ. ಈಜು ಬರುತ್ತದೆಯೇ ಎಂದು ದಡದಲ್ಲಿ ಕುಳಿತು ಎಷ್ಟು ಪ್ರಶ್ನೆ ಕೇಳಿದರೂ ಅಷ್ಟೆ. ಲೆಕ್ಕಿಗರಿಗೆ ತಪ್ಪುಗಳಿರುವ ಒಂದು ಲೆಡ್ಜರ್ ಪುಟ ಕೊಡಿ. ಅನುವಾದಕರಿಗೆ ಒಂದು ಪುಟ ಅನುವಾದಿಸಲು ಹೇಳಿ. ಗ್ರಾಹಕ ಸೇವೆಗೆ ಬರುವವರಿಗೆ ಒಂದು ಕಟುವಾದ ದೂರಿನ ಪತ್ರ ಕೊಟ್ಟು ಉತ್ತರ ಬರೆಸಿ. ಶಿಕ್ಷಕರಿಂದ ಮಕ್ಕಳ ಮುಂದೆ ಪಾಠ ಮಾಡಿಸಿ. ಕೆಲವು ಮಾತುಗಳನ್ನು ಇಲ್ಲಿ ಖಡಾಖಂಡಿತವಾಗಿ ಹೇಳಬೇಕಾಗಿದೆ. ಪರೀಕ್ಷೆ ಎಲ್ಲರಿಗೂ ಒಂದೇ ಇರಬೇಕು. ಒಂದೆರಡು ಗಂಟೆಯಲ್ಲಿ ಮುಗಿಯುವಂತಿರಬೇಕು. ಸರಿ ಉತ್ತರ ಎಂದರೇನು ಎಂದು ಮೊದಲೇ ಬರೆದಿಟ್ಟಿರಬೇಕು. ಅರ್ಧ ದಿನಕ್ಕಿಂತ ಹೆಚ್ಚು ಬೇಡುವ ಕೆಲಸಕ್ಕೆ ಹಣ ಕೊಡಬೇಕು. ‘ಮಾದರಿ’ ಎಂದು ಹೇಳಿ ಅಭ್ಯರ್ಥಿಗಳಿಂದ ಯೋಜನೆ ಬರೆಸಿಕೊಂಡು, ಯಾರನ್ನೂ ತೆಗೆದುಕೊಳ್ಳದೆ ಆ ಯೋಜನೆಯನ್ನು ಬಳಸಿಕೊಳ್ಳುವ ಸಂಸ್ಥೆಗಳಿವೆ. ಅದು ಕಳ್ಳತನ. ಬೇರೆ ಹೆಸರಿಲ್ಲ.

ಕೆಲಸಕ್ಕೆ ಸಂಬಂಧವಿಲ್ಲದ ಜಾಣ ಪ್ರಶ್ನೆಗಳ ಚಟ ಹಳೆಯದು. ಥಾಮಸ್ ಎಡಿಸನ್ ಕೆಲಸ ಕೇಳಿಕೊಂಡು ಬಂದವರಿಗೆ ಭೂಗೋಳ, ಇತಿಹಾಸ, ವಿಜ್ಞಾನದ ನೂರಕ್ಕೂ ಹೆಚ್ಚು ಬಿಡಿ ಪ್ರಶ್ನೆಗಳನ್ನು ಕೊಡುತ್ತಿದ್ದ. 1921ರಲ್ಲಿ ಅವು ಪತ್ರಿಕೆಗಳಿಗೆ ಸಿಕ್ಕು ಗದ್ದಲವೇ ಆಯಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನ್‌ಗೆ ಅದರಲ್ಲಿನ ಒಂದು ಪ್ರಶ್ನೆ ಕೇಳಿದರು: ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸುಲಭವಾಗಿ ಸಿಗುವ ಸಂಗತಿಯನ್ನು ತಲೆಯಲ್ಲಿ ಹೊತ್ತುಕೊಂಡಿರುವುದಿಲ್ಲ ಎನ್ನುವರ್ಥದ ಉತ್ತರ ಕೊಟ್ಟ ಆತ. ನಮ್ಮ ಕಾಲದಲ್ಲಿ ಗೂಗಲ್ ತನ್ನ ಒಗಟಿನ ಪ್ರಶ್ನೆಗಳಿಗೆ ಹೆಸರಾಗಿತ್ತು. 2013ರಲ್ಲಿ ಅಲ್ಲಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್ ಅವು ಸಂಪೂರ್ಣ ಕಾಲಹರಣ, ಸಂದರ್ಶಕರಿಗೆ ತಾವು ಬುದ್ಧಿವಂತರೆನ್ನುವ ಭಾವನೆ ಕೊಡುವುದಕ್ಕಷ್ಟೇ ಉಪಯೋಗ ಎಂದು ಬಹಿರಂಗವಾಗಿ ಹೇಳಿದರು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಸಂದರ್ಶನ ಬೇಡವೆನ್ನುವುದಿಲ್ಲ. ಅದರ ಆಕಾರ ಬದಲಾಗಬೇಕು ಎನ್ನುತ್ತೇನೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನು ಮತ್ತೆ ಪರಿಶೀಲಿಸಿದಾಗ, ಅದೇ ಸೊನ್ನೆಯಿಂದ 1ರ ಅಳತೆಯಲ್ಲಿ ಮನಬಂದಂತೆ ಹರಟುವ ಸಂದರ್ಶನಕ್ಕೆ ಸಿಕ್ಕದ್ದು 0.19, ಪ್ರಶ್ನೆಗಳೂ ಅಂಕದ ಅಳತೆಗಳೂ ಮೊದಲೇ ಗೊತ್ತುಮಾಡಿದ ಸಂದರ್ಶನಕ್ಕೆ 0.42. ಅವರು ಹೋಲಿಸಿದ ವಿಧಾನಗಳಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಈ ಎರಡನೆಯದೇ. ಅತ್ಯುತ್ತಮ ವಿಧಾನವೂ 0.42ರಲ್ಲಿ ನಿಲ್ಲುತ್ತದೆ ಎನ್ನುವುದನ್ನೂ ಗಮನಿಸಬೇಕು. ಮನುಷ್ಯನ ಮುಂದಿನ ದುಡಿಮೆಯನ್ನು ಪೂರ್ತಿ ಮುಂಗಾಣುವ ಉಪಾಯ ಯಾರ ಬಳಿಯೂ ಇಲ್ಲ.

ಈ ಆಕಾರ ಹೇಗಿರುತ್ತದೆ ಎನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಡೇನಿಯಲ್ ಕಾಹ್ನೆಮನ್ ಅವರದು. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರು 1955ರ ಸುಮಾರಿಗೆ ಇಸ್ರೇಲಿ ಸೈನ್ಯದಲ್ಲಿ ಇಪ್ಪತ್ತರ ಹರೆಯದ ಅಧಿಕಾರಿ. ಹೊಸಬರನ್ನು ಯಾವ ವಿಭಾಗಕ್ಕೆ ಹಾಕಬೇಕೆಂದು ಹೇಳುವ ಸಂದರ್ಶನಗಳು ಆಗ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಕಾಹ್ನೆಮನ್ ಆರು ಗುಣಗಳನ್ನು ಆರಿಸಿ, ಪ್ರತಿಯೊಂದಕ್ಕೂ ಆ ಹುಡುಗ ಹಿಂದೆ ಏನು ಮಾಡಿದ್ದಾನೆ ಎಂದು ಕೇಳುವ ಪ್ರಶ್ನೆಗಳನ್ನು ಬರೆದುಕೊಟ್ಟರು: ಎಷ್ಟು ಕೆಲಸ ಮಾಡಿದ್ದೆ, ಸಮಯಕ್ಕೆ ಹೋಗುತ್ತಿದ್ದೆಯಾ, ಗೆಳೆಯರೊಂದಿಗೆ ಎಷ್ಟು ಬೆರೆಯುತ್ತಿದ್ದೆ ಎಂಬಂಥವು. ಒಂದು ಗುಣ ಮುಗಿಸಿ ಅಂಕ ಬರೆದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಸಂದರ್ಶಕಿಯರು ಸಿಟ್ಟಾದರು, ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದರು. ಆಗ ಕಾಹ್ನೆಮನ್ ಒಂದು ರಾಜಿ ಮಾಡಿಕೊಂಡರು. ಆರೂ ಅಂಕ ಕೊಟ್ಟಾದ ಮೇಲೆ ಕಣ್ಣು ಮುಚ್ಚಿ, ಈತ ಎಂಥ ಸೈನಿಕನಾಗಬಹುದೆಂದು ಊಹಿಸಿ ಇನ್ನೊಂದು ಅಂಕ ಕೊಡಿ ಎಂದರು. ತಿಂಗಳುಗಳ ನಂತರ ನೋಡಿದರೆ ಹೊಸ ವಿಧಾನ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅಷ್ಟೇ ಅಲ್ಲ, ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರರ ಮೊತ್ತದಷ್ಟೇ ಬೆಲೆಯುಳ್ಳದ್ದಾಗಿತ್ತು. ಅಂತಃಪ್ರಜ್ಞೆಗೆ ಜಾಗ ಇದೆ, ಆದರೆ ಅದರ ಸರದಿ ಕೊನೆಯದು. ಬಿಡಿಬಿಡಿಯಾಗಿ ನೋಡಿ, ಅಂಕ ಬರೆದ ಮೇಲೆ ಬರುವ ಒಳಮಾತು ಬೇರೆ. ಕೈ ಕುಲುಕಿದ ಕೂಡಲೇ ಬರುವ ಒಳಮಾತು ಬೇರೆ.

ಹೀಗಾಗಿ ಉಗ್ರಾಣದ ಹುದ್ದೆಗೆ ಬಂದವರನ್ನು ‘ನಿಮ್ಮ ದೌರ್ಬಲ್ಯ ಏನು’, ‘ಐದು ವರ್ಷದಲ್ಲಿ ಎಲ್ಲಿರುತ್ತೀರಿ’ ಎಂದು ಕೇಳಿ ಫಲವಿಲ್ಲ. ಕಂಠಪಾಠದ ಉತ್ತರಗಳು ಬರುತ್ತವೆ. ‘ನಿಮಗಿಂತ ಮೇಲಿನವರು ನಿಯಮ ಮೀರಿ ಏನನ್ನೋ ಕೇಳಿದ ಒಂದು ಸಂದರ್ಭ ಹೇಳಿ. ಏನು ಮಾಡಿದಿರಿ?’ ಎಂದು ಕೇಳಬೇಕು. ಉತ್ತರ ಸಿಕ್ಕ ಮೇಲೆ ಒಳಗೆ ಇಳಿಯಬೇಕು: ಆಗ ಅವರು ಏನೆಂದರು, ಆಮೇಲೆ ಏನಾಯಿತು, ಈಗಾದರೆ ಬೇರೆ ಏನು ಮಾಡುತ್ತೀರಿ. ನಿಜವಾಗಿ ನಡೆದದ್ದನ್ನು ಹೇಳುವವರ ಬಳಿ ವಿವರಗಳು ಮುಗಿಯುವುದಿಲ್ಲ. ಮೊದಲ ಕೆಲಸಕ್ಕೆ ಬಂದ ಎಳೆಯರಿಗೆ ಅಂಥ ಅನುಭವ ಇರುವುದಿಲ್ಲವಾದ್ದರಿಂದ, ಲಾರಿಯ ಕಥೆಯನ್ನೇ ಮುಂದಿಟ್ಟು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಬಹುದು. ಒಂದು ಅಂಕಕ್ಕೆ ಎಂಥ ಉತ್ತರ, ಐದು ಅಂಕಕ್ಕೆ ಎಂಥ ಉತ್ತರ ಎಂದು ಹಾಳೆಯಲ್ಲಿ ಮಾದರಿ ಇರಬೇಕು. ಸಂದರ್ಶಕರು ತಮ್ಮ ತಮ್ಮ ಅಂಕ ಬರೆದು ಮುಗಿಸುವ ತನಕ ಒಬ್ಬರೊಂದಿಗೆ ಒಬ್ಬರು ಮಾತಾಡಬಾರದು. ಚರ್ಚೆ ಶುರುವಾದಾಗ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಹಿರಿಯರು ಕೊನೆಗೆ. ಈ ಒಂದು ನಿಯಮವನ್ನು ತಂದ ಸಮಿತಿಗಳಲ್ಲಿ ಭಿನ್ನಾಭಿಪ್ರಾಯಗಳು ಮೊದಲ ಬಾರಿಗೆ ಬಾಯಿಗೆ ಬಂದದ್ದನ್ನು ಕಂಡಿದ್ದೇನೆ. ಮದುವೆಯಾಗಿದೆಯೇ, ಮಕ್ಕಳ ಯೋಚನೆ ಇದೆಯೇ, ಯಾವ ಜನ ಎನ್ನುವ ಪ್ರಶ್ನೆಗಳು ಆ ಕೋಣೆಯೊಳಗೆ ಬರಲೇಬಾರದು, ಕುಶಲೋಪರಿಯ ನೆಪದಲ್ಲಿಯೂ.

ಸಣ್ಣ ಉದ್ಯಮದವರು ಇದನ್ನೆಲ್ಲ ಕೇಳಿ, ಇಷ್ಟು ಮಾಡಲು ನಮಗೆ ಪುರುಸೊತ್ತೆಲ್ಲಿದೆ ಎನ್ನುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕೇ ಜನ ದುಡಿಯುವ ಕಡೆ ಒಬ್ಬರ ಆಯ್ಕೆ ತಪ್ಪಿದರೆ ಕಾಲು ಭಾಗ ಕುಂಟಿದಂತೆ. ದೊಡ್ಡ ಕಂಪನಿ ಅದನ್ನು ಹೊಟ್ಟೆಗೆ ಹಾಕಿಕೊಳ್ಳಬಲ್ಲದು, ಅವರಿಗೆ ಆಗುವುದಿಲ್ಲ. ಅವರಿಗೆ ಬೇಕಾಗಿರುವುದು ಒಂದು ಹಾಳೆ, ಐದು ಪ್ರಶ್ನೆ, ಒಂದು ಗಂಟೆಯ ಕೆಲಸದ ಮಾದರಿ. ಒಂದು ಮಧ್ಯಾಹ್ನದಲ್ಲಿ ಸಿದ್ಧವಾಗುತ್ತದೆ, ಮುಂದಿನ ಬಾರಿಗೂ ಬರುತ್ತದೆ.

ಇದ್ದ ನೌಕರರ ಪರಿಚಯದವರನ್ನು ಸೇರಿಸಿಕೊಳ್ಳುವ ರೂಢಿಯ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ಹಾಗೆ ಬಂದವರಿಗೆ ಕೆಲಸದ ನಿಜ ಸ್ಥಿತಿ ಗೊತ್ತಿರುತ್ತದೆ, ನಂಬಿಕೆಯ ಒಂದು ಕೊಂಡಿ ಇರುತ್ತದೆ. ಆದರೆ ಪರಿಚಯಗಳು ಬಹುತೇಕ ನಮ್ಮಂಥವರ ನಡುವೆಯೇ ಸುತ್ತುತ್ತವೆ, ಆ ವೃತ್ತದ ಹೊರಗಿರುವ ಸಮರ್ಥರಿಗೆ ಬಾಗಿಲಿದೆ ಎಂದೇ ಗೊತ್ತಾಗುವುದಿಲ್ಲ. ಪರಿಚಯದಿಂದ ಬಂದ ಅರ್ಜಿಯೂ ಅದೇ ಹಾಳೆ, ಅದೇ ಪ್ರಶ್ನೆ, ಅದೇ ಅಂಕಗಳ ಮೂಲಕವೇ ಹಾದುಹೋಗಲಿ. ಅಭ್ಯರ್ಥಿ ಹಿಂದೆ ದುಡಿದ ಕಡೆ ವಿಚಾರಿಸುವುದಾದರೆ ಅಭ್ಯರ್ಥಿಯ ಒಪ್ಪಿಗೆ ಪಡೆದು ವಿಚಾರಿಸಬೇಕು. ಈಗ ದುಡಿಯುತ್ತಿರುವ ಕಡೆಗೆ ಹೇಳದೆ ಕೇಳದೆ ಫೋನ್ ಮಾಡಿ ಇದ್ದ ಕೆಲಸಕ್ಕೂ ಕುತ್ತು ತರುವವರಿದ್ದಾರೆ. ಕೇಳುವಾಗಲೂ ‘ಹೇಗಿದ್ದರು’ ಎಂದರೆ ‘ಒಳ್ಳೆಯವರು’ ಎನ್ನುವ ಉತ್ತರವೇ ಬರುತ್ತದೆ. ‘ಅವರ ಕೈಗೆ ಯಾವ ಜವಾಬ್ದಾರಿ ಕೊಟ್ಟಿದ್ದಿರಿ, ಮತ್ತೆ ಅವಕಾಶ ಬಂದರೆ ಸೇರಿಸಿಕೊಳ್ಳುತ್ತೀರಾ’ ಎಂದರೆ ಏನಾದರೂ ತಿಳಿಯಬಹುದು.

ಆಯ್ಕೆಯಾಗದವರಿಗೆ ಉತ್ತರ ಬರೆಯದಿರುವುದು ಇಂದು ಎಷ್ಟು ಸಾಮಾನ್ಯವಾಗಿದೆ ಎಂದರೆ, ಬರೆದರೆ ಅಭ್ಯರ್ಥಿಗಳೇ ಆಶ್ಚರ್ಯಪಡುತ್ತಾರೆ. ಮೂರು ಸುತ್ತು ಕರೆಸಿ, ರಜೆ ಹಾಕಿಸಿ, ‘ತಿಳಿಸುತ್ತೇವೆ’ ಎಂದು ಕಳುಹಿಸಿ, ಆಮೇಲೆ ಮೌನ. ಫೋನ್ ಬಂದಾಗಲೆಲ್ಲ ಎದ್ದು ನೋಡುವ ಒಂದು ಮನೆ ಆಚೆ ಕಡೆ ಇರುತ್ತದೆ. ಎರಡು ಸಾಲಿನ ಪತ್ರ ಸಾಕು: ಈ ಬಾರಿ ಬೇರೆಯವರನ್ನು ಆರಿಸಿದ್ದೇವೆ, ಕಾರಣ ಇದು. ಬರೆದಿಟ್ಟ ಅಳತೆಗಳಿಂದ ಆರಿಸಿದವರಿಗೆ ಆ ಕಾರಣ ಹೇಳುವುದು ಕಷ್ಟವಲ್ಲ. ಇನ್ನೊಂದು ಎರಡು ತಿಂಗಳಲ್ಲಿ ಅದೇ ವ್ಯಕ್ತಿ ಮತ್ತೊಂದು ಹುದ್ದೆಗೆ ಸರಿಹೊಂದಬಹುದು. ಉತ್ತರ ಪಡೆದವರು ಮತ್ತೆ ಅರ್ಜಿ ಹಾಕುತ್ತಾರೆ.

ನೇಮಕದ ಆದೇಶ ಕೊಟ್ಟ ದಿನವೇ ಆ ಅಂಕದ ಹಾಳೆಗಳನ್ನು ಹರಿದು ಬಿಸಾಡುವವರೇ ಹೆಚ್ಚು. ಅವನ್ನು ಇಟ್ಟುಕೊಳ್ಳಬೇಕು. ಸೇರಿದವರ ಪ್ರೊಬೇಷನ್ ಮುಗಿದಾಗ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ, ಅವರ ಕೆಲಸವನ್ನು ನೇರವಾಗಿ ಬಲ್ಲವರಿಂದ ಅದೇ ಐದಾರು ಗುಣಗಳಿಗೆ ಮತ್ತೆ ಅಂಕ ಹಾಕಿಸಿ, ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ಅಂಕಗಳನ್ನು ಈಗ ಅಂಕ ಹಾಕುವವರಿಗೆ ಮೊದಲೇ ತೋರಿಸಬಾರದು. ಯಾವ ಪ್ರಶ್ನೆಯ ಅಂಕ ಕೆಲಸದೊಂದಿಗೆ ಹೊಂದುತ್ತದೆ, ಯಾವುದು ಹೊಂದುವುದೇ ಇಲ್ಲ, ಯಾವ ಸಂದರ್ಶಕರ ಅಂಕ ಪ್ರತಿ ಬಾರಿ ಎತ್ತಲೋ ಹೋಗುತ್ತದೆ ಎನ್ನುವುದು ಕೆಲವು ನೇಮಕಗಳಾದ ಮೇಲೆ ಕಾಣತೊಡಗುತ್ತದೆ. ಹೊಂದದ ಪ್ರಶ್ನೆಯನ್ನು ಕಿತ್ತುಹಾಕಿ, ಅದರ ಜಾಗಕ್ಕೆ ಹೊಸ ಘಟನೆಯಿಂದ ಹುಟ್ಟಿದ ಇನ್ನೊಂದನ್ನು ತರಬೇಕು. ಸೇರಿದವರನ್ನೇ ಕರೆದು ಕೇಳಬೇಕು: ಜಾಹೀರಾತಿನಲ್ಲಿ ನಾವು ಹೇಳಿದ್ದು ಎಷ್ಟು ನಿಜವಾಗಿತ್ತು, ನಾವು ಕೇಳದೇ ಬಿಟ್ಟದ್ದು ಏನು? ಮುಂದಿನ ಜಾಹೀರಾತಿನ ಕರಡನ್ನು ಅವರ ಕೈಗೇ ಕೊಟ್ಟು ತಿದ್ದಿಸುವುದು ನನ್ನ ರೂಢಿ.